ಕೌನ್ಸೆಲಿಂಗ್ ಬೇಕು, ಅಪ್ಪ–ಅಮ್ಮನ ಜೊತೆ ಬೇಡ

ಮನಸ್ಸಿನ ತಳಮಳಕ್ಕೆ ಯಾರ ಬಳಿಯಾದರೂ ಹೋಗಬೇಕೆಂದರೆ, ದಕ್ಷಿಣ ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳಿಗಿರುವ ಅನುಕೂಲ ದೇಶದ ಬೇರೆ ಕಡೆ ಸಿಗುವುದು ಅಪರೂಪ. ಜೆ.ಪಿ. ನಗರದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ಕೆಲವೇ ಕಿಲೋಮೀಟರ್. ಆ ಗೇಟಿನ ಬಳಿ ಪರಿಚಯದವರು ಯಾರಾದರೂ ಕಂಡಾರು ಎಂದು ಅಳುಕುವವರಿಗಾಗಿ ಅದೇ ಸಂಸ್ಥೆ ಬಿ.ಟಿ.ಎಂ. ಬಡಾವಣೆಯ ಮೊದಲ ಹಂತದಲ್ಲಿ ‘ಸೆಂಟರ್ ಫಾರ್ ವೆಲ್‌ಬೀಯಿಂಗ್’ ಎಂಬ ಪ್ರತ್ಯೇಕ ಕೇಂದ್ರವನ್ನೇ ನಡೆಸುತ್ತಿದೆ. ಜಯನಗರದ ಜೈನ್, ಡೇರಿ ಸರ್ಕಲ್ ಬಳಿಯ ಕ್ರೈಸ್ಟ್ ಮುಂತಾದ ಕಡೆ ಮನಃಶಾಸ್ತ್ರ ಓದುವವರ ಸಂಖ್ಯೆ ದೊಡ್ಡದು. ಆಂಗ್ಸೈಟಿ, ಟ್ರಾಮಾ, ಬರ್ನ್‌ಔಟ್ ಎಂಬ ಮಾತುಗಳು ಕ್ಯಾಂಟೀನಿನಲ್ಲಿ ಇಂಟರ್ನಲ್ಸ್ ಅಂಕಗಳಷ್ಟೇ ಸಲೀಸಾಗಿ ಓಡಾಡುತ್ತವೆ. ಇಷ್ಟಿದ್ದೂ ಮದುವೆ ಮತ್ತು ಕುಟುಂಬ ಚಿಕಿತ್ಸೆ ಎಂದೊಡನೆ ಇದೇ ಪೀಳಿಗೆ ಹಿಂದೆ ಸರಿಯುತ್ತದೆ. ತಾನೊಬ್ಬನೇ ಹೋಗಿ ಮಾತಾಡಿ ಬರುವುದಕ್ಕೆ ಅಡ್ಡಿಯಿಲ್ಲ. ಅಪ್ಪ, ಅಮ್ಮ, ತಾನು, ಅಥವಾ ಮುಂದೊಂದು ದಿನ ಗಂಡ ಹೆಂಡತಿ, ಒಂದೇ ಕೋಣೆಯಲ್ಲಿ ಮೂರನೆಯವರ ಮುಂದೆ ಕೂರುವುದೆಂದರೆ ಅದು ಮನೆ ಮುರಿದವರ ಕೊನೆಯ ನಿಲ್ದಾಣ. ಈ ಹಿಂಜರಿಕೆಯನ್ನು ನಾವು ಸಾಮಾನ್ಯವಾಗಿ ‘ಕಳಂಕದ ಭಯ’ ಎಂದು ಕರೆದು ಜಾಗೃತಿ ಪೋಸ್ಟರು ಅಂಟಿಸುತ್ತೇವೆ. ರೋಗ ಗುರುತಿಸಿದ್ದೇ ತಪ್ಪಾಗಿದೆ ಎಂಬುದು ಈ ಲೇಖನದ ವಾದ. ಕುಟುಂಬದ ಆಪ್ತಸಮಾಲೋಚನೆ ಎಂಬ ಹೆಸರಿನಲ್ಲಿ ನಮ್ಮ ಮಕ್ಕಳು ಇದುವರೆಗೆ ಕಂಡಿರುವುದು ಬಹುಮಟ್ಟಿಗೆ ರಾಜಿ ಪಂಚಾಯಿತಿಯನ್ನು. ಅದನ್ನು ಅವರು ನಂಬದಿರುವುದಕ್ಕೆ ಸಾಕಷ್ಟು ಕಾರಣಗಳಿವೆ.

ಮೊದಲು ಸಮೀಕ್ಷೆಗಳು ಏನು ಹೇಳುತ್ತವೆ ನೋಡೋಣ. ಯುನಿಸೆಫ್ ಮತ್ತು ಗ್ಯಾಲಪ್ 2021ರಲ್ಲಿ 21 ದೇಶಗಳಲ್ಲಿ ಒಂದು ಪ್ರಶ್ನೆ ಕೇಳಿದವು: ಮಾನಸಿಕ ತೊಂದರೆ ಬಂದಾಗ ಅದನ್ನು ಇತರರೊಡನೆ ಹಂಚಿಕೊಂಡು ನೆರವು ಪಡೆಯುವುದು ಮೇಲೋ, ಅಥವಾ ಅದು ಖಾಸಗಿ ವಿಷಯ, ತಾನೇ ನಿಭಾಯಿಸಬೇಕೋ? 15ರಿಂದ 24 ವಯಸ್ಸಿನವರಲ್ಲಿ ಸರಾಸರಿ ಶೇ 83ರಷ್ಟು ಮಂದಿ ನೆರವಿನ ಪರ ನಿಂತರು. ಭಾರತದಲ್ಲಿ ಹಾಗೆಂದವರು ಶೇ 41 ಮಾತ್ರ. 21 ದೇಶಗಳಲ್ಲಿ ಇದೇ ಅತಿ ಕಡಿಮೆ. ಈ ಅಂಕಿಯನ್ನು ನಮ್ಮ ಹುಡುಗರ ಅಜ್ಞಾನಕ್ಕೆ ಸಾಕ್ಷಿಯಾಗಿ ಬಳಸಿದ ಭಾಷಣಗಳಿಗೆ ಲೆಕ್ಕವಿಲ್ಲ. ಪ್ರಶ್ನೆಯನ್ನು ಇನ್ನೊಮ್ಮೆ ಓದಿದರೆ ಬೇರೆ ಅರ್ಥವೂ ಹೊಳೆಯುತ್ತದೆ. ‘ಇತರರೊಡನೆ ಹಂಚಿಕೊಳ್ಳುವುದು’ ಎಂದಾಗ ಭಾರತದ ಹತ್ತೊಂಬತ್ತರ ಹುಡುಗಿಯ ಕಣ್ಣಮುಂದೆ ಬರುವ ಆ ‘ಇತರರು’ ಯಾರು? ಚಿಕ್ಕಮ್ಮ, ಸೋದರಮಾವ, ಎದುರುಮನೆಯ ಆಂಟಿ, ಹೆಚ್ಚೆಂದರೆ ಕ್ಲಾಸ್ ಟೀಚರ್. ಇವರಲ್ಲಿ ಯಾರಿಗೆ ಹೇಳಿದರೂ ಸಂಜೆಯೊಳಗೆ ಅದು ಮನೆ ಮುಟ್ಟುತ್ತದೆ. ನೆರವು ಕೇಳಿದರೆ ಗುಟ್ಟು ಉಳಿಯುವುದಿಲ್ಲ ಎಂದು ಲೆಕ್ಕ ಹಾಕುವವಳು ದಡ್ಡಿಯೇನಲ್ಲ. ವೃತ್ತಿಪರರ ನೆರವಿನ ಬಗ್ಗೆ ಜನರ ಧೋರಣೆ ಅಳೆಯಲು ಫಿಷರ್ ಮತ್ತು ಟರ್ನರ್ 1970ರಲ್ಲಿ ಒಂದು ಮಾಪನ ರೂಪಿಸಿದರು. ಆಮೇಲೆ ಅನೇಕ ದೇಶಗಳ ಕಾಲೇಜುಗಳಲ್ಲಿ ನಡೆದ ಅಧ್ಯಯನಗಳಲ್ಲಿ ಎರಡು ಸಂಗತಿಗಳು ಮತ್ತೆ ಮತ್ತೆ ಕಂಡಿವೆ: ಹುಡುಗರಿಗಿಂತ ಹುಡುಗಿಯರು ನೆರವಿನ ಕಡೆ ಹೆಚ್ಚು ಒಲಿಯುತ್ತಾರೆ, ಒಮ್ಮೆ ಒಳ್ಳೆಯ ಸಮಾಲೋಚಕರನ್ನು ಕಂಡವರು ಕಾಣದವರಿಗಿಂತ ಹೆಚ್ಚು ಒಲಿಯುತ್ತಾರೆ. ಎರಡನೆಯದೇ ಇಲ್ಲಿ ಮುಖ್ಯ. ಧೋರಣೆ ಹುಟ್ಟುವುದು ಪ್ರಚಾರದಿಂದಲ್ಲ, ಕಂಡುಂಡದ್ದರಿಂದ.

ಹಾಗಾದರೆ ಕರ್ನಾಟಕದ ವಿದ್ಯಾರ್ಥಿ ಕಂಡುಂಡದ್ದೇನು? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮ್ಮ ಮೊದಲ ಕುಟುಂಬ ಚಿಕಿತ್ಸೆ. ಅದು ಫಲಿಸದಿದ್ದರೆ ಹಿರಿಯರು ಸೇರುತ್ತಾರೆ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ’ ಎನ್ನುತ್ತಾರೆ. ಅಲ್ಲಿಂದಾಚೆ ಮಹಿಳಾ ಪೊಲೀಸ್ ಠಾಣೆ, ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಾಂತ್ವನ ಕೇಂದ್ರ. ಕೊನೆಗೆ ಸಿದ್ದಯ್ಯ ರಸ್ತೆಯ ‘ನ್ಯಾಯದೇಗುಲ’ದಲ್ಲಿರುವ ಕುಟುಂಬ ನ್ಯಾಯಾಲಯ ಮತ್ತು ಅಲ್ಲೇ ಇರುವ ಮಧ್ಯಸ್ಥಿಕೆ ಕೇಂದ್ರ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 9ನೇ ಕಲಮು ವಿಚಾರಣೆಗೆ ಮುನ್ನ ಒಪ್ಪಂದಕ್ಕೆ ಯತ್ನಿಸುವ ಹೊಣೆಯನ್ನು ನ್ಯಾಯಾಧೀಶರ ಮೇಲೆಯೇ ಹೊರಿಸಿದೆ. ಅದೇ ಕಾಯ್ದೆಯಡಿ ನ್ಯಾಯಾಲಯಕ್ಕೆ ಆಪ್ತಸಮಾಲೋಚಕರೂ ಇದ್ದಾರೆ. ಇವರಲ್ಲಿ ಅನೇಕರು ಕಡಿಮೆ ಸಂಬಳಕ್ಕೆ ಪ್ರಾಮಾಣಿಕವಾಗಿ ದುಡಿಯುವವರು. ಎಷ್ಟೋ ಹೆಣ್ಣುಮಕ್ಕಳ ಜೀವ ಉಳಿಸಿದ್ದಾರೆ. ಆದರೂ ಈ ವ್ಯವಸ್ಥೆಗಳ ಕೆಲಸವೆಲ್ಲ ಒಂದೇ ಪ್ರಶ್ನೆಯ ಸುತ್ತ: ಮದುವೆ ಉಳಿಯುತ್ತದೋ ಇಲ್ಲವೋ? ದೂರು ವಾಪಸಾದರೆ ಗೆಲುವು, ಕೇಸು ಮುಂದುವರಿದರೆ ಸೋಲು. ಅಕ್ಕನ ಮದುವೆ ಹೀಗೆ ‘ಕೌನ್ಸೆಲಿಂಗ್’ ಆಗಿ ಆರು ತಿಂಗಳಲ್ಲಿ ಮತ್ತೆ ಅಲ್ಲಿಗೇ ಬಂದದ್ದನ್ನು ನೋಡಿದ ತಂಗಿಗೆ, ಕುಟುಂಬ ಚಿಕಿತ್ಸೆ ಇದಕ್ಕಿಂತ ಬೇರೆ ಏನೋ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಹುಡುಗಿಯರ ಸಂಶಯಕ್ಕೆ ಇನ್ನೂ ಗಟ್ಟಿಯಾದ ನೆಲೆಯಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದಲ್ಲೇ ಅತಿ ಹೆಚ್ಚು ಇದು. ಅದಕ್ಕೆ ಮುಂಚಿನ ಸುತ್ತಿನಲ್ಲಿ ಈ ಪ್ರಮಾಣ ಶೇ 20.6 ಇತ್ತು, ಹಿಂಸೆ ಹೆಚ್ಚಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಿದರೋ, ಎರಡೂ ಇರಬಹುದು. ಹೊಡೆಯುವ ಗಂಡನ ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿ ‘ಇಬ್ಬರ ತಪ್ಪೂ ಇರುತ್ತೆ’ ಎನ್ನುವ ಸಮಾಲೋಚನೆ ಚಿಕಿತ್ಸೆಯಲ್ಲ, ಅಪಾಯ. ಅಲ್ಲಿ ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಬೆಲೆ ತೆರುವವಳು ಅವಳೇ. ತರಬೇತಾದ ಚಿಕಿತ್ಸಕರು ಮೊದಲು ಇಬ್ಬರನ್ನೂ ಪ್ರತ್ಯೇಕವಾಗಿ ಕಾಣುತ್ತಾರೆ, ಹಿಂಸೆಯಿದೆಯೇ ಎಂದು ನೇರವಾಗಿ ಕೇಳುತ್ತಾರೆ, ಇದ್ದರೆ ಜೊತೆಯಾಗಿ ಕೂರಿಸುವುದನ್ನು ಬದಿಗಿಟ್ಟು ಅವಳ ಸುರಕ್ಷತೆಯ ಏರ್ಪಾಡು ಮಾಡುತ್ತಾರೆ. ಈ ಒಂದು ನಿಯಮವನ್ನು ನಮ್ಮ ಕಾಲೇಜುಗಳಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರೆ ಹತ್ತು ಜಾಗೃತಿ ಸಪ್ತಾಹಗಳಿಗಿಂತ ಹೆಚ್ಚು ಕೆಲಸವಾದೀತು. ಜಾತಿ ಮೀರಿದ ಪ್ರೇಮದ ವಿಷಯದಲ್ಲೂ ಹೀಗೆಯೇ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ವಿವಾಹಗಳು ಸುಮಾರು ಶೇ 5 ಮಾತ್ರ. ಬೆಳಗಾವಿ ಜಿಲ್ಲೆಯಲ್ಲಿ, ತಾನೇ ಆರಿಸಿಕೊಂಡವನನ್ನು ಮದುವೆಯಾದ ಉಪನ್ಯಾಸಕಿಯೊಬ್ಬರನ್ನು ಠಾಣೆಗೆ ಬಂದು ಹೇಳಿಕೆ ಕೊಡುವಂತೆ ಪೊಲೀಸರು ಒತ್ತಾಯಿಸಿದ ಪ್ರಕರಣದಲ್ಲಿ, 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೇ ಆಪ್ತಸಲಹೆ ಮತ್ತು ತರಬೇತಿ ಬೇಕು ಎಂದಿತು. ಕೌನ್ಸೆಲಿಂಗ್ ಯಾರಿಗೆ ಬೇಕು ಎಂಬುದನ್ನು ಹೀಗೆ ತಿರುಗಿಸಿ ಹೇಳಿದ ತೀರ್ಪುಗಳು ವಿರಳ. ಪಿಜಿಯಲ್ಲಿದ್ದು ಓದುವ ಹುಡುಗಿಗೆ ‘ಮನೆಯವರನ್ನೂ ಕರೆಸಿ ಮಾತಾಡೋಣ’ ಎಂಬ ಸಮಾಲೋಚಕರ ಮಾತು ನೆರವಿನಂತೆ ಕೇಳಿಸದೆ ಬೆದರಿಕೆಯಂತೆ ಕೇಳಿಸುವುದು ಇಂಥ ನೆಲದಲ್ಲಿ.

ಇನ್ನು ಅಸಲಿ ಕುಟುಂಬ ಚಿಕಿತ್ಸೆ ಎಂಬುದೇನು? ಕನ್ನಡ ಓದುಗರಿಗೆ ಇದನ್ನು ವಿವರಿಸಲು ತ್ರಿವೇಣಿಯವರ ‘ಶರಪಂಜರ’ಕ್ಕಿಂತ ಒಳ್ಳೆಯ ಉದಾಹರಣೆ ಬೇಡ, 1972ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರು, ಕಲ್ಪನಾ ಕಾವೇರಿಯಾದರು. ಬಾಣಂತನದ ನಂತರ ಕಾವೇರಿಯ ಮನಸ್ಸು ಕದಡುತ್ತದೆ, ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಮನೆ ಮಾತ್ರ ಗುಣವಾಗಿರುವುದಿಲ್ಲ. ಅವಳು ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ, ಗಂಡ ದೂರವಾಗಿರುತ್ತಾನೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಮರಳುತ್ತಾಳೆ. ಅರ್ಧ ಶತಮಾನದಿಂದ ನಾವು ಇದನ್ನು ಹೆಣ್ಣಿನ ದುರಂತವಾಗಿ ನೋಡಿ ಕಣ್ಣೀರು ಹಾಕಿದ್ದೇವೆ. ವೈದ್ಯಕೀಯ ಕಣ್ಣಿನಿಂದ ನೋಡಿದರೆ ಇದು ಅರ್ಧಕ್ಕೇ ನಿಂತ ಚಿಕಿತ್ಸೆಯ ಕಥೆ: ಒಬ್ಬಳಿಗೆ ಔಷಧ ಕೊಟ್ಟರು, ಅವಳು ಬದುಕಬೇಕಾದ ಮನೆಯನ್ನು ಯಾರೂ ಮುಟ್ಟಲಿಲ್ಲ. ಕುಟುಂಬ ಚಿಕಿತ್ಸೆ ಮುಟ್ಟುವುದು ಅದನ್ನೇ. ಯಾರು ಯಾರೊಡನೆ ಮಾತಾಡುತ್ತಾರೆ, ಯಾರ ಮಾತು ಯಾರ ಮೂಲಕ ಹೋಗುತ್ತದೆ, ಅಪ್ಪ–ಅಮ್ಮನ ಮುನಿಸಿನಲ್ಲಿ ಅಂಚೆಯಣ್ಣನಾಗಿರುವ ಮಗು ಯಾವುದು, ಒಬ್ಬರ ಕಾಯಿಲೆಯಿಂದ ಮನೆಯಲ್ಲಿ ಇನ್ಯಾವ ಜಗಳ ಮುಚ್ಚಿಹೋಗಿದೆ ಎಂದು ಅದು ಹುಡುಕುತ್ತದೆ. ಮದುವೆ ಉಳಿಸಲೇಬೇಕೆಂಬ ಹಟ ಅದಕ್ಕಿಲ್ಲ. ಬೇರೆಯಾಗುವುದೇ ಸರಿ ಎಂದಾದರೆ ಮಕ್ಕಳನ್ನು ಹರಿದು ಹಂಚದೆ ಬೇರೆಯಾಗುವುದು ಹೇಗೆ ಎಂಬುದೂ ಅದರ ಕೆಲಸವೇ.

ಇದು ಪಶ್ಚಿಮದ ಸರಕು, ನಮ್ಮ ಮನೆಗಳಿಗೆ ಹೊಂದದು ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಇತಿಹಾಸ ಅಷ್ಟು ಸರಳವಾಗಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ಉಳಿಸಿಕೊಂಡರು. ಅದೇ ದಶಕದಲ್ಲಿ ಅಮೆರಿಕದ ಮರ್ರಿ ಬೋವೆನ್ ಸಂಶೋಧನೆಗೆಂದು ಇಡೀ ಕುಟುಂಬಗಳನ್ನು ವಾರ್ಡಿಗೆ ಸೇರಿಸಿಕೊಂಡರು. ಇಬ್ಬರೂ ಒಂದೇ ಕಾಲಕ್ಕೆ, ಬೇರೆ ಬೇರೆ ದಾರಿಯಲ್ಲಿ ಅಲ್ಲಿಗೆ ತಲುಪಿದವರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ಮನೆಯವರನ್ನು ಜೊತೆಗಿಟ್ಟುಕೊಂಡೇ ಚಿಕಿತ್ಸೆ ಕೊಡುವುದನ್ನು ರೂಢಿ ಮಾಡಿತು. ನಮ್ಮ ನಿಮ್ಹಾನ್ಸ್‌ನಲ್ಲಿ 1970ರ ದಶಕದಲ್ಲೇ ಕುಟುಂಬ ಮನೋವೈದ್ಯ ವಾರ್ಡ್ ನಡೆಯುತ್ತಿತ್ತು, ಆರ್.ಎಸ್. ಭಟ್ಟಿ, ಎನ್. ಜಾನಕಿರಾಮಯ್ಯ, ಎಸ್.ಎಂ. ಚನ್ನಬಸವಣ್ಣ ಅದರ ಅನುಭವವನ್ನು 1980ರಲ್ಲಿ ‘ಫ್ಯಾಮಿಲಿ ಪ್ರೊಸೆಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಜೆ.ಪಿ. ನಗರದ ವಿದ್ಯಾರ್ಥಿ ನೆಟ್‌ಫ್ಲಿಕ್ಸ್ ಧಾರಾವಾಹಿಯಲ್ಲಿ ನೋಡಿ ‘ಅಮೆರಿಕದವರ ಗೋಳು’ ಎಂದುಕೊಳ್ಳುವ ವಿದ್ಯೆ, ಅವರ ಅಪ್ಪ–ಅಮ್ಮ ಹುಟ್ಟುವ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲೇ ಬೇರುಬಿಟ್ಟಿತ್ತು. ಮನೋರೋಗದ ತಿಳಿವಳಿಕೆಯನ್ನು ಸರಳ ಕನ್ನಡದಲ್ಲಿ ನೂರಾರು ಪುಸ್ತಕಗಳ ಮೂಲಕ ಹಂಚಿದ ಡಾ. ಸಿ.ಆರ್. ಚಂದ್ರಶೇಖರ್ ನಿಮ್ಹಾನ್ಸ್‌ನವರೇ. ದಾಂಪತ್ಯದ ಬಗ್ಗೆ ವೈದ್ಯೆಯಾಗಿ ಮುಚ್ಚುಮರೆಯಿಲ್ಲದೆ ಬರೆದ ಅನುಪಮಾ ನಿರಂಜನರ ಪುಸ್ತಕಗಳನ್ನು ಒಂದು ಪೀಳಿಗೆಯ ಕನ್ನಡತಿಯರು ಮದುವೆಯ ಉಡುಗೊರೆಯಾಗಿ ಪಡೆದರು.

ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಗಳ ಕಡೆಗೂ ಒಂದು ಮಾತು ಹೋಗಬೇಕು. ಇನ್‌ಸ್ಟಾಗ್ರಾಂ ಕಲಿಸಿದ ಮನಃಶಾಸ್ತ್ರ ಬಹುಪಾಲು ಒಂಟಿ ಮನುಷ್ಯನ ಮನಃಶಾಸ್ತ್ರ. ಅಪ್ಪ ಟಾಕ್ಸಿಕ್, ಅತ್ತೆ ನಾರ್ಸಿಸಿಸ್ಟ್, ಹುಡುಗ ರೆಡ್ ಫ್ಲ್ಯಾಗ್, ನಾನು ಬೌಂಡರಿ ಹಾಕಿಕೊಳ್ಳುವವಳು. ಈ ಮಾತುಗಳಿಂದ ಅನೇಕರಿಗೆ ತಮಗಾದ ನೋವನ್ನು ನೋವೆಂದು ಗುರುತಿಸುವ ಧೈರ್ಯ ಬಂದಿದೆ; ಅದನ್ನು ಅಲ್ಲಗಳೆಯಬಾರದು. ಆದರೆ ಇದರಲ್ಲಿ ಕಥೆ ಹೇಳುವವರು ಯಾವಾಗಲೂ ನಿರಪರಾಧಿ. ಕುಟುಂಬ ಚಿಕಿತ್ಸಕರ ಎದುರು ಆ ಸವಲತ್ತು ಸಿಗದು. ಅಮ್ಮ ಫೋನ್ ಕಸಿದುಕೊಳ್ಳುತ್ತಾರೆ, ಮಗ ಬಾಗಿಲು ಹಾಕಿಕೊಳ್ಳುತ್ತಾನೆ. ಮಗ ಬಾಗಿಲು ಹಾಕಿಕೊಳ್ಳುವುದರಿಂದಲೇ ಅಮ್ಮ ಫೋನ್ ಕಸಿಯುತ್ತಾರೆ. ಎಲ್ಲಿಂದ ಶುರುವಾಯಿತು ಎಂಬ ಪ್ರಶ್ನೆಯನ್ನು ಚಿಕಿತ್ಸಕರು ಕೈಬಿಟ್ಟು, ಈ ಸುತ್ತಿನಲ್ಲಿ ನಿನ್ನ ಪಾಲೇನು ಎಂದು ಇಬ್ಬರನ್ನೂ ಕೇಳುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಇದು ಯಾರಿಗೂ ರುಚಿಸದ ಪ್ರಶ್ನೆ. ಒಂಟಿಯಾಗಿ ಕೌನ್ಸೆಲಿಂಗ್ ಬೇಕು, ಜೊತೆಯಾಗಿ ಬೇಡ ಎಂಬ ಆಯ್ಕೆಯಲ್ಲಿ ಭಯದ ಪಾಲಿನ ಜೊತೆಗೆ ಈ ಅನುಕೂಲದ ಪಾಲೂ ಇದೆ ಎಂದೇ ನನ್ನ ಅನಿಸಿಕೆ.

ಮದುವೆಯೇ ಆಗದ ಹುಡುಗರ ಅಭಿಪ್ರಾಯ ಕಟ್ಟಿಕೊಂಡು ಏನಾಗಬೇಕು ಎನ್ನುವವರಿದ್ದಾರೆ. ಅವರು ಮರೆತದ್ದು, ವಿದ್ಯಾರ್ಥಿ ಈಗಾಗಲೇ ಒಂದು ಕುಟುಂಬದ ಒಳಗಿದ್ದಾನೆ ಎಂಬುದನ್ನು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಲ್ಲಿ ಆತ್ಮಹತ್ಯೆಗೆ ದಾಖಲಾದ ಕಾರಣಗಳಲ್ಲಿ ಮೊದಲನೆಯದು ‘ಕೌಟುಂಬಿಕ ಸಮಸ್ಯೆ’, ಶೇ 31.7. ಅದೇ ವರ್ಷ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ಕಾರಣದ ಕಲಂ ತುಂಬುವವರು ಠಾಣೆಯ ಸಿಬ್ಬಂದಿ. ಒಂದು ಸಾವಿಗೆ ಒಂದೇ ಕಾರಣ ಎಂಬುದು ಎಂದೂ ನಿಜವಲ್ಲ. ಅಷ್ಟು ಕಡಿತ ಮಾಡಿ ನೋಡಿದರೂ ಮನೆಯ ಪಾಲನ್ನು ಪಕ್ಕಕ್ಕಿಟ್ಟು ಪರೀಕ್ಷೆಯ ಒತ್ತಡವೊಂದನ್ನೇ ಚರ್ಚಿಸುವುದು ಎಷ್ಟು ಸರಿ? ಇನ್ನು ಕೆಲವರು, ಬೆಂಗಳೂರಿನಲ್ಲಿ ವಿಚ್ಛೇದನ ವಿಪರೀತವಾಗಿದೆ, ಇವರೆಲ್ಲ ಮದುವೆಗೆ ಮುನ್ನವೇ ತರಬೇತಿ ಪಡೆಯಲಿ ಎನ್ನುತ್ತಾರೆ. ವಿಚ್ಛೇದನದ ಗುಮ್ಮ ತೋರಿಸಿ ಚಿಕಿತ್ಸೆ ಮಾರುವುದು ಬೇಡ. 2011ರ ಜನಗಣತಿಯಲ್ಲಿ ವಿಚ್ಛೇದಿತರೆಂದು ದಾಖಲಾದವರು ವಿವಾಹಿತರ ಸಂಖ್ಯೆಯ ಶೇ 0.24 ಮಾತ್ರ; ವಿಚ್ಛೇದನವಾಗದೆ ಬೇರೆ ವಾಸಿಸುತ್ತಿದ್ದವರು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ನಮ್ಮ ಸಮಸ್ಯೆ ಮುರಿದ ಮದುವೆಗಳಿಗಿಂತ ಹೆಚ್ಚಾಗಿ, ಮುರಿಯದೆ ಮಾತು ಸತ್ತ ಮದುವೆಗಳದ್ದು. ಮೂರು ಕೋಣೆಯ ಫ್ಲ್ಯಾಟಿನಲ್ಲಿ ಅವುಗಳ ನಡುವೆ ಬೆಳೆದವರೇ ಇಂದಿನ ವಿದ್ಯಾರ್ಥಿಗಳು. ಅವರಿಗೆ ಮದುವೆಯ ಬಗ್ಗೆಯೇ ಉತ್ಸಾಹ ಇಳಿದಿದ್ದರೆ ಅಚ್ಚರಿಯೇನು?

ಚಿಕಿತ್ಸೆಯಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬುದು ನ್ಯಾಯವಾದ ಪ್ರಶ್ನೆ. ದಂಪತಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 70 ಮಂದಿಗೆ ಸುಧಾರಣೆ ಕಂಡಿದೆ ಎಂದು 2012ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಹೇಳಿತು. ಅಮೆರಿಕದಲ್ಲಿ ಆಂಡ್ರ್ಯೂ ಕ್ರಿಸ್ಟೆನ್ಸೆನ್ ತಂಡ 134 ಜೋಡಿಗಳನ್ನು ಐದು ವರ್ಷ ಹಿಂಬಾಲಿಸಿದಾಗ ಚಿತ್ರ ಇನ್ನಷ್ಟು ಸಪ್ಪೆಯಾಯಿತು: ತೀವ್ರವಾಗಿ ಹದಗೆಟ್ಟಿದ್ದ ಆ ದಾಂಪತ್ಯಗಳಲ್ಲಿ ಸುಮಾರು ಅರ್ಧದಷ್ಟು ಗಣನೀಯವಾಗಿ ಸುಧಾರಿಸಿದ್ದವು, ಕಾಲು ಭಾಗಕ್ಕಿಂತ ತುಸು ಹೆಚ್ಚು ಮುರಿದಿದ್ದವು. ಪವಾಡವಿಲ್ಲ, ಮೋಸವೂ ಇಲ್ಲ. ಸಕ್ಕರೆ ಕಾಯಿಲೆಯ ಚಿಕಿತ್ಸೆಯಿಂದ ನಾವು ನಿರೀಕ್ಷಿಸುವಷ್ಟೇ ಇಲ್ಲಿಯೂ ನಿರೀಕ್ಷಿಸಬಹುದು. ಜಗಳ ಹಳೆಯದಾದಷ್ಟೂ ಬಿಡಿಸುವುದು ಕಷ್ಟ. ಚಿಕಿತ್ಸೆಯನ್ನು ಕೊನೆಯ ನಿಲ್ದಾಣವೆಂದು ನಂಬಿದವರು ಕೊನೆಗೇ ಬರುತ್ತಾರೆ, ಬಂದಾಗ ಫಲಿಸುವುದಿಲ್ಲ, ಫಲಿಸದ್ದನ್ನು ನೋಡಿದ ಕಿರಿಯರ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಆಕ್ಷೇಪಗಳಲ್ಲಿ ಪೂರ್ತಿ ಒಪ್ಪಲೇಬೇಕಾದದ್ದು ಪರವಾನಗಿಯದು. ಕ್ಯಾಲಿಫೋರ್ನಿಯಾ 1963ರಲ್ಲೇ ಮದುವೆಯ ಸಮಾಲೋಚಕರಿಗೆ ಪರವಾನಗಿ ಕಡ್ಡಾಯ ಮಾಡಿತು. ಇಂದು ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಅದಿದೆ. ನಮ್ಮಲ್ಲಿ ಪುನರ್ವಸತಿ ಮಂಡಳಿ ನೋಂದಾಯಿಸುವುದು ಕ್ಲಿನಿಕಲ್ ಸೈಕಾಲಜಿಸ್ಟರನ್ನು. ಮದುವೆ ಮತ್ತು ಕುಟುಂಬ ಚಿಕಿತ್ಸಕ ಎಂಬ ಪ್ರತ್ಯೇಕ ಪರವಾನಗಿ ಭಾರತದಲ್ಲಿ ಇಲ್ಲ. ವಾರಾಂತ್ಯದ ಕೋರ್ಸು ಮುಗಿಸಿದವರೂ, ಎಂ.ಫಿಲ್ ಮಾಡಿ ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದವರೂ ಒಂದೇ ಬಗೆಯ ಬೋರ್ಡು ಹಾಕಿಕೊಳ್ಳಬಹುದು. ಖಾಸಗಿ ಭೇಟಿಗೆ ಸಾವಿರದಿಂದ ಎರಡು–ಮೂರು ಸಾವಿರ ರೂಪಾಯಿ ತೆರುವುದು ದಕ್ಷಿಣ ಬೆಂಗಳೂರಿನಲ್ಲಿ ಮಾಮೂಲು; ಪಾಕೆಟ್ ಮನಿಯ ವಿದ್ಯಾರ್ಥಿಗೆ ಅದು ತಿಂಗಳ ಖರ್ಚು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ (14416) ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ಫೋನಿನಲ್ಲಿ ಇಡೀ ಮನೆಯನ್ನು ಕೂರಿಸಲಾಗದು.

ದಾರಿ ಇರುವುದು ಕಾಲೇಜಿನ ಒಳಗೇ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರೊಬ್ಬರನ್ನಾದರೂ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರ ತೀರ್ಪಿನಲ್ಲಿ ಹೇಳಿದೆ. ಆ ಒಬ್ಬರು ಬರೀ ಪರೀಕ್ಷೆಯ ಭಯಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಡುವವರಾದರೆ ಹಳೆಯ ಕಥೆಯೇ ಮುಂದುವರಿಯುತ್ತದೆ. ಅವರಿಗೆ ಕುಟುಂಬದೊಡನೆ ಕೆಲಸ ಮಾಡುವ ತರಬೇತಿ ಇರಬೇಕು. ಪ್ರಾಂಶುಪಾಲರಿಗೆ ವರದಿ ಒಪ್ಪಿಸುವ ಹೊಣೆ ಇರಬಾರದು. ವಿದ್ಯಾರ್ಥಿ ಒಪ್ಪಿದರೆ ಮಾತ್ರ, ಒಪ್ಪಿದಷ್ಟೇ, ಮನೆಯವರನ್ನು ಕರೆಯುವ ನಿಯಮವನ್ನು ಬಾಗಿಲ ಮೇಲೇ ಬರೆದಿರಬೇಕು. ಬಡಾವಣೆಯ ಆಚೆಬದಿಯಲ್ಲೇ ನಿಮ್ಹಾನ್ಸ್‌ನಷ್ಟು ದೊಡ್ಡ ಸಂಸ್ಥೆಯಿರುವಾಗ, ಜಯನಗರ–ಜೆ.ಪಿ. ನಗರದ ಕಾಲೇಜುಗಳು ಇಂಥ ತರಬೇತಿಗೆ ಅತ್ತ ಕೈಚಾಚದಿದ್ದರೆ ಅದಕ್ಕೆ ಸಮಜಾಯಿಷಿ ಇಲ್ಲ.

ಅದೆಲ್ಲ ಆಗುವ ತನಕ ವಿದ್ಯಾರ್ಥಿಗಳು ತಮ್ಮ ಸಂಶಯವನ್ನು ಬಿಡುವುದು ಬೇಡ, ಅದನ್ನೇ ಕೆಲಸಕ್ಕೆ ಹಚ್ಚಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ನಿಮ್ಮ ಹಕ್ಕೆಂದು ಒಪ್ಪಿದೆ. ಮೊದಲ ಭೇಟಿಯಲ್ಲೇ ಕೇಳಿ: ನೀವು ಓದಿದ್ದೇನು, ಎಲ್ಲಿ ತರಬೇತಿ ಪಡೆದಿರಿ? ನಾನು ಹೇಳಿದ್ದರಲ್ಲಿ ಯಾವುದನ್ನು ಮನೆಯವರಿಗೆ ತಿಳಿಸುತ್ತೀರಿ, ಯಾವುದನ್ನು ತಿಳಿಸುವುದಿಲ್ಲ? ಮನೆಯಲ್ಲಿ ಹೊಡೆತವಿದೆ ಎಂದು ಗೊತ್ತಾದರೆ ಏನು ಮಾಡುತ್ತೀರಿ? ಉತ್ತರ ನೇರವಾಗಿದ್ದರೆ ಮುಂದಿನ ಸಲ ಮನೆಯವರನ್ನೂ ಕರೆದುಕೊಂಡು ಹೋಗಿ. ತಡವರಿಸಿದರೆ ಎದ್ದು ಬನ್ನಿ, ಇನ್ನೊಬ್ಬರನ್ನು ಹುಡುಕಿ.